ತಂಬಾಕಿನ ಗಳದ ಗ್ಯಾಲರಿ

ಮೊನ್ನೆ ಹುಣಸೂರು ಬಸ್‌ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ವಡೆ ಸುತ್ತಿಕೊಟ್ಟ ಪತ್ರಿಕೆಯ ತುಂಡಿನಲ್ಲಿ ಒಂದು ಚಿತ್ರವಿತ್ತು. ಯಾವುದೋ ದೂರದೇಶದ ಫುಟ್ಬಾಲ್ ಕ್ರೀಡಾಂಗಣ. ನೂಕುನುಗ್ಗಲಿನಲ್ಲಿ ಜನ ಸತ್ತಿದ್ದರು. ಮೆಟ್ಟಿಲುಗಳ ಮೇಲೆ ಬರೀ ಚಪ್ಪಲಿ, ಬೂಟು. ಪಕ್ಕದಲ್ಲಿ ಕೂತವರು ಇಣುಕಿ ನೋಡಿ ತೀರ್ಪನ್ನೂ ಕೊಟ್ಟುಬಿಟ್ಟರು. "ಪೊಲೀಸ್ನೋರು ಕತ್ತೆ ಕಾಯ್ತಿದ್ರಾ?" ಎಂದರು ಒಬ್ಬರು. "ಆಟ ನೋಡಾಕೋಗೋರ್ಗೆ ಬುದ್ಧಿ ಬ್ಯಾಡ್ವಾ?" ಎಂದರು ಇನ್ನೊಬ್ಬರು. ನಾನು ಮೇಷ್ಟ್ರಲ್ಲವೇ, ನನ್ನ ಅಭಿಪ್ರಾಯವನ್ನೂ ಕೇಳಿದರು. ಇಡೀ ವಡೆಯನ್ನು ಬಾಯಿಗೆ ತುರುಕಿಕೊಂಡು ತಪ್ಪಿಸಿಕೊಂಡೆ.

ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾನೂ ಒಂದು ಗ್ಯಾಲರಿ ಕೆಡವಿದವನೇ.

ನಮ್ಮೂರು ಗುರುಪುರದ ಪಕ್ಕದಲ್ಲಿದೆ. ನಮಗೆ ಗೊತ್ತಿದ್ದದ್ದು ಕಬಡ್ಡಿ, ವಾಲಿಬಾಲು. ಫುಟ್ಬಾಲಿನ ಹುಚ್ಚು ಹಿಡಿಸಿದವರು ಟಿಬೆಟನ್ ಕ್ಯಾಂಪಿನ ಹುಡುಗರು. ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅವರಿಗೂ ನಮಗೂ ಪಂದ್ಯ ನಿಗದಿಯಾಯಿತು. ನಾನಾಗ ಡಿಗ್ರಿ ಮುಗಿಸಿ ಕೆಲಸವಿಲ್ಲದೆ ಓಡಾಡುತ್ತಿದ್ದೆ. ನಾನು ಒದ್ದ ಚೆಂಡು ಒಮ್ಮೆಯೂ ನಾನಂದುಕೊಂಡ ಕಡೆ ಹೋದದ್ದಿಲ್ಲ. ಹಾಗಾಗಿ ನನ್ನನ್ನು ಅಭಿಮಾನಿಗಳ ನಾಯಕನನ್ನಾಗಿ ಮಾಡಿದರು. ಕೊರಳಿಗೊಂದು ಪೀಪಿ, ಕೈಗೊಂದು ಕೆಂಪು ಟವೆಲ್ಲು. ಆ ಪದವಿಯಲ್ಲಿ ನಾನು ಅನುಭವಿಸಿದ ಜಂಬ ಆಮೇಲೆ ಸರ್ಕಾರಿ ಕೆಲಸ ಸಿಕ್ಕಾಗಲೂ ಬರಲಿಲ್ಲ.

ಪಂದ್ಯ ಅಂದಮೇಲೆ ಗ್ಯಾಲರಿ ಬೇಡವೇ? ನಮ್ಮ ಕಡೆ ತಂಬಾಕು ಹದ ಮಾಡುವ ಬ್ಯಾರನ್‌ಗಳು ಬೇಸಿಗೆಯಲ್ಲಿ ಖಾಲಿ ಇರುತ್ತವೆ. ಆ ಎತ್ತರದ ಮಣ್ಣಿನ ಕೋಣೆಗಳೊಳಗೆ ಎಲೆ ಪೋಣಿಸಿದ ಕಡ್ಡಿಗಳನ್ನು ತೂಗುಹಾಕಲು ಅಡ್ಡಡ್ಡ ಗಳಗಳಿರುತ್ತವೆ. ಗ್ಯಾಲರಿ ಕಟ್ಟಲು ಪುಟ್ಟಸ್ವಾಮಣ್ಣನ ಬ್ಯಾರನ್ನಿನ ಗಳಗಳನ್ನು ಕೇಳಿದೆವು. ಊರಿನ ಮದುವೆ ಚಪ್ಪರಗಳಿಗೆಲ್ಲ ಗಳ, ಹಗ್ಗ ಕೊಡುತ್ತಿದ್ದವನು ಅವನೇ; ಅದೇ ಅವನ ಹೆಮ್ಮೆ. ಗಳ ಎತ್ತಿಕೊಡುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ: "ಕುಂತ್ಕಳಾಕೆ ಕೊಡ್ತೀವ್ನಿ ಕಣ್ಲಾ, ಕುಣಿಯಾಕಲ್ಲ. ವರ್ಸಗಟ್ಲೆ ಬೆಂಕಿ ಕಾವು ಕುಡ್ದು ಒಣಗವೆ. ಎಲೆ ತಡೀತವೆ, ಯಾಕಂದ್ರೆ ಎಲೆ ಕುಣಿಯಲ್ಲ. ಎಲ್ರಿಗೂ ಏಳ್ಬುಡು."

ಹೂಂ ಅಂದೆ. ಯಾರಿಗೂ ಹೇಳಲಿಲ್ಲ. ಬೆಂಕಿ ಕಂಡ ಮರ ಇನ್ನಷ್ಟು ಗಟ್ಟಿಯಾಗಿರುತ್ತದೆ ಎಂಬುದು ನನ್ನ ವಿಜ್ಞಾನವಾಗಿತ್ತು. ಅದೂ ಅಲ್ಲದೆ, ಕುಣಿಯಬೇಡಿ ಎನ್ನುವ ನಾಯಕನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಪಂದ್ಯದ ದಿನ ಬೆಳಗಿನಿಂದ ನಾವು ಕ್ಯಾಂಪಿನ ಗೋಲ್‌ಕೀಪರನನ್ನು ಆಡಿಕೊಂಡದ್ದಕ್ಕೆ ಲೆಕ್ಕವಿಲ್ಲ. ಕೊನೆಗೂ ನಮ್ಮವರು ಒಂದು ಗೋಲು ಹೊಡೆದರು. ನಾನು ಟವೆಲ್ ಬೀಸಿ "ಒಂದು, ಎರಡು, ಮೂರು" ಎಂದೆ. ಇಡೀ ಗ್ಯಾಲರಿ ಒಟ್ಟಿಗೆ ನೆಗೆಯಿತು. ನಾವು ಕೆಳಗೆ ಬರುವಷ್ಟರಲ್ಲಿ ಗಳಗಳು ಲಟಲಟನೆ ಮುರಿದಿದ್ದವು. ಅಡಿಯ ನೆರಳಿನಲ್ಲಿ ಬೇಯಿಸಿದ ಕಡಲೆಕಾಯಿ ಮಾರುತ್ತಿದ್ದ ಸಾಕಮ್ಮನ ಬಲಗೈ ಮುರಿಯಿತು. ಮೊದಲು ಓಡಿಬಂದು ಅವಳನ್ನು ಎತ್ತಿ ತಮ್ಮ ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದವನು ಅದೇ ಗೋಲ್‌ಕೀಪರ್. ನಾನು ಪೀಪಿ ಕಚ್ಚಿಕೊಂಡೇ ನಿಂತಿದ್ದೆನಂತೆ.

ಮೂರನೆಯ ದಿನ ಶಾಲೆಯ ಜಗಲಿಯಲ್ಲಿ ಊರು ಸೇರಿತು. ಎಲ್ಲರೂ ಗಳದ ಕಡೆಗೇ ಬೆರಳು ತೋರಿಸಿದರು. ಪುಟ್ಟಸ್ವಾಮಣ್ಣ ತಲೆ ತಗ್ಗಿಸಿ ಕೂತಿದ್ದ. ಇವನಿಗೆ ಮೊದಲೇ ಹೇಳಿದ್ದೆ ಎಂಬ ಒಂದು ಮಾತು ಅವನ ಬಾಯಿಂದ ಬರಲಿಲ್ಲ. ನಾನು ಎದ್ದು ನಿಂತು, "ನಾವು ಕುಣಿದಿದ್ದೂ ತಪ್ಪೇ" ಎಂದೆ. 'ನಾವು' ಎಂದರೆ ಎಷ್ಟು ಹಗುರ ನೋಡಿ! ಅವನು ಎಚ್ಚರಿಸಿದ್ದನ್ನು ಮಾತ್ರ ನುಂಗಿಬಿಟ್ಟೆ.

ಕೈಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಸಾಕಮ್ಮ ಚರ್ಚೆಯನ್ನು ಅಲ್ಲಿಗೇ ಮುಗಿಸಿದಳು. "ತೆಪ್ಪು ಯಾರ್ದಾರ ಆಗ್ಲಿ. ಮಳೆ ಬಂದ್ರೆ ನನ್ನ ಸಸಿ ನೆಡೋರ್ಯಾರು? ಕುಣ್ದೋರೆಲ್ಲ ಮುಯ್ಯಾಳಿಗೆ ಬರ್ಲಿ."

ಹೊಲದ ಕೆಲಸಕ್ಕೆ ಒಬ್ಬರಿಗೊಬ್ಬರು ಆಳಾಗುವ ಪದ್ಧತಿ ನಮ್ಮಲ್ಲಿತ್ತು. ಅಭಿಮಾನಿಗಳ ದಂಡೆಲ್ಲ ಅವಳ ಹೊಲಕ್ಕಿಳಿಯಿತು. ಅವಳು ಬದುವಿನ ಮೇಲೆ ಕೂತು, "ಗೋಲ್ ಒಡ್ದಾಗ ಅಂಗೆ ನೆಗುದ್ರಲ್ಲ, ಈಗ ಸೊಂಟ ಬಗ್ಗಲ್ವಾ?" ಎಂದು ಗದರುತ್ತಿದ್ದಳು. ಸಾಲು ಸೊಟ್ಟಗಾದರೂ ಬೆಳೆ ಚೆನ್ನಾಗಿ ಬಂತು. ಕೈಯೂ ಕೂಡಿಕೊಂಡಿತು. ಆದರೆ ಅಲ್ಲಿಂದೀಚೆಗೆ ಯಾವ ಚಪ್ಪರಕ್ಕೂ ಯಾರೂ ಪುಟ್ಟಸ್ವಾಮಣ್ಣನ ಗಳ ಕೇಳಲಿಲ್ಲ.

ಮೊನ್ನೆ ಚಹಾ ಅಂಗಡಿಯಲ್ಲಿ ವಡೆ ನುಂಗಿದ್ದಾಯಿತು, ಆ ಮಾತು ಮಾತ್ರ ಗಂಟಲಲ್ಲೇ ಉಳಿಯಿತು. ಮನೆಗೆ ಹೋಗದೆ ನೇರವಾಗಿ ಪುಟ್ಟಸ್ವಾಮಣ್ಣನ ಮನೆಗೇ ಹೋದೆ. ಅವರೆಕಾಯಿ ಸುಲಿಯುತ್ತಿದ್ದ. ನಾಚಿಕೆ ಬಿಟ್ಟು ಹೇಳಿದೆ: "ಅಣ್ಣ, ನೀನು ಕುಣಿಯಬೇಡಿ ಅಂದಿದ್ದನ್ನ ನಾನು ಯಾರಿಗೂ ಹೇಳಲಿಲ್ಲ. ಆಮೇಲೂ ಮುಚ್ಚಿಟ್ಟೆ. ನಾಳೆ ಊರವರ ಮುಂದೆ ಹೇಳಿಬಿಡ್ತೀನಿ."

ಅವನು ಅವರೆಕಾಯಿಯ ಮೊರ ಪಕ್ಕಕ್ಕಿಟ್ಟ. ಆಮೇಲೆ ಒಳಗೆ ಹೆಂಡತಿ ಇದ್ದಾಳೋ ಏನೋ ಎಂದು ಬಗ್ಗಿ ನೋಡಿ, ದನಿ ತಗ್ಗಿಸಿದ.

"ಏಳಂಗಿದ್ರೆ ಪೂರ್ತಿ ಏಳ್ಬುಡು ಕಣ್ಲಾ. ಗ್ಯಾಲರಿ ಎಲ್ಡನೇ ಸಾಲ್ನಲ್ಲಿ ನಾನೂ ಇದ್ದೆ. ಆ ಗೋಲ್ ನೋಡಿ ಯಾವನ್ಲಾ ಕುಂತಿರಾನು? ನಾನೂ ನೆಗ್ದುಬುಟ್ಟೆ."