ಕತ್ತರಿಸಿ ತೆಗೆದ ಸದ್ದು

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅದು ಜನವರಿಯ ಕೊನೆಯೋ ಫೆಬ್ರವರಿಯ ಮೊದಲ ವಾರವೋ, ಅತ್ತೆ ತಲೆಗೆ ಸುತ್ತಿದ್ದ ಟವೆಲ್ ಕೆಂಪೋ ಹಸಿರೋ ಹೇಳಲಾರೆ. ಇಂಥವು ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆದರೆ ಎಸ್ಟೇಟಿನ ರೈಟರು ಕಾಫಿ ಕಣಕ್ಕೆ ಯಾವಾಗ ಬಂದರು ಅನ್ನುವುದು ಹಾಗಲ್ಲ. ನಾನು ಹಾಡು ಹಾಕಿ ಇನ್ನೇನು ಮುಗಿಯಬೇಕು ಅನ್ನುವಾಗ ಅವರಾಗಿಯೇ ಬಂದರು ಎಂದು ಎರಡು ವರ್ಷ ನಂಬಿಕೊಂಡಿದ್ದೆ. ನನಗೆ ಅನುಕೂಲವಾದ ನೆನಪು ಅದು.

ಅತ್ತೆ ಎಂದರೆ ಅಪ್ಪನ ಅಕ್ಕ. ಬಾಳೂರು ಕಡೆಯ ಒಂದು ಎಸ್ಟೇಟಿನಲ್ಲಿ, ಕೆಲಸಗಾರರ ಲೈನ್ ಮನೆಯಲ್ಲಿದ್ದಾರೆ. ಮೊದಲು ಬಹಳ ವರ್ಷ, ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಪಕ್ಕ ನಿಂತು ಹಣ್ಣು ಸುರಿಯುತ್ತಿದ್ದರು. ಮಂಡಿ ಸವೆದು ಇಳಿಜಾರಿನಲ್ಲಿ ಹತ್ತಿಳಿಯುವುದು ಕಷ್ಟವಾದ ಮೇಲೆ ಕಾಫಿ ಒಣಗಿಸುವ ಕಣ ಅವರ ಪಾಲಿಗೆ ಬಂತು. ಕಣ ಮಟ್ಟಸವಾದ ಸಿಮೆಂಟು ನೆಲ. ಅವರು ದುಡಿಯಲು ಸಾಧ್ಯವಿದ್ದದ್ದು ಅದೊಂದೇ ಜಾಗದಲ್ಲಿ.

ಹಣ್ಣು ಹರವಿ ಹನ್ನೆರಡು ಹದಿಮೂರು ದಿನ ಬಿಸಿಲು ಕಂಡ ಮೇಲೆ ಅತ್ತೆ ಒಂದು ಹಿಡಿ ಕಾಫಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಣಗಿದ್ದರೆ ಸಿಪ್ಪೆಯೊಳಗೆ ಬೀಜ ಬಿಟ್ಟುಕೊಂಡು ಗಲಗಲ ಎನ್ನುತ್ತದೆ. ಹಸಿಯಿದ್ದರೆ ಮಂಕಾಗಿ ಉಳಿಯುತ್ತದೆ. ಅವರು "ಆಯ್ತು, ಕಟ್ಟಿ" ಎನ್ನುವವರೆಗೆ ಯಾರೂ ಮೂಟೆ ಕಟ್ಟುತ್ತಿರಲಿಲ್ಲ. ಹಾಜರಿ ಬರೆಯುವ, ಕೆಲಸ ಹಂಚುವ ರೈಟರೂ ಕಣದ ಅಂಚಿನಲ್ಲಿ ನಿಂತು "ಏನಂತೀರಿ?" ಎಂದು ಕೇಳುತ್ತಿದ್ದರು.

ನಾನು ಚಿಕ್ಕಮಗಳೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ರಜೆಯಲ್ಲಿ ಸಂಗೀತ ಮಾಡುತ್ತೇನೆ. ಮಿನಿಮಲ್ ಟೆಕ್ನೋ, ಡಬ್ ಎಂದರೆ ನಮ್ಮ ಮನೆಯಲ್ಲಿ ಯಾರಿಗೂ ಅರ್ಥವಾಗದು, ನನಗೂ ವಿವರಿಸಲು ಬರದು. ಮೂರೋ ನಾಲ್ಕೋ ಸದ್ದು, ಅಷ್ಟೇ. ಅವು ಮತ್ತೆ ಮತ್ತೆ ಬರುತ್ತವೆ, ಪ್ರತಿಸಲ ಕೂದಲೆಳೆಯಷ್ಟು ಬದಲಾಗುತ್ತವೆ. ಕೆಳಗೆ ದಪ್ಪ ಬೇಸ್ ನಡೆಯುತ್ತದೆ. ಒಂದು ಸದ್ದನ್ನು ಬಿಟ್ಟರೆ ಅದು ಮಾರ್ದನಿಯಾಗಿ ದೂರ ಹೋಗಿ ಕರಗುತ್ತದೆ. ಸಿಲ್ವರ್ ಓಕ್ ಮರದಿಂದ ತಗಡಿಗೆ ಬೀಳುವ ಹನಿ, ಕಳಸದ ಬಸ್ಸಿನ ವೈಪರ್, ರೊಟ್ಟಿ ತಟ್ಟುವ ಕೈ ಎಲ್ಲವನ್ನೂ ಹಿಡಿದಿಟ್ಟುಕೊಂಡಿದ್ದೆ. ಅತ್ತೆಯ ಹಿಡಿ ಕಾಫಿ ಅವೆಲ್ಲಕ್ಕಿಂತ ಚೆನ್ನಾಗಿತ್ತು.

ಮೈಕ್ ಹಿಡಿದು ಕೂತ ದಿನ ಅತ್ತೆ ನಕ್ಕಿದ್ದರು. "ಕಾಫಿ ಕುಡಿಯೋರನ್ನ ಕಂಡಿದ್ದೀನಿ. ಕಾಫಿ ಕೇಳೋಳನ್ನ ಈಗ್ಲೇ ನೋಡಿದ್ದು ಮಾರಾಯ್ತಿ."

ಆ ಗಲಗಲವನ್ನು ಸ್ವಚ್ಛ ಮಾಡಿ, ಬೇಡದ ಸದ್ದು ಕತ್ತರಿಸಿ, ಏಳು ನಿಮಿಷದ ಒಂದು ಟ್ರ್ಯಾಕ್ ಮಾಡಿದೆ. ಇಂಟರ್ನೆಟ್ಟಿಗೆ ಹಾಕುವಾಗ ಕೆಳಗೆ, 'ಕಿವಿಯಿಂದಲೇ ಕಾಫಿ ನೋಡುವ ನನ್ನ ಅತ್ತೆಗೆ' ಎಂದು ಬರೆದೆ. ಎಲ್ಲೆಲ್ಲಿಯವರೋ ಆ ಸಾಲನ್ನೇ ಮೆಚ್ಚಿದರು. ಅತ್ತೆಗಿಂತ ಆ ಸಾಲಿನ ಮೇಲೆ ನನಗೆ ಹೆಚ್ಚು ಪ್ರೀತಿ ಬಂದಿತ್ತು ಎಂದು ಈಗ ಅನ್ನಿಸುತ್ತದೆ.

ಮರುವರ್ಷ ಕೊಯ್ಲಿನ ಹೊತ್ತಿಗೆ ಸ್ಪೀಕರ್ ಹೊತ್ತು ಕಣಕ್ಕೆ ಹೋದೆ. ಮಧ್ಯಾಹ್ನದ ಬಿಸಿಲು. ಅತ್ತೆ ಏನೆನ್ನುತ್ತಾರೋ ಅದನ್ನೂ ಹಿಡಿಯಬೇಕೆಂದು ರೆಕಾರ್ಡರ್ ಚಾಲೂ ಮಾಡಿಟ್ಟೆ. ಅವರನ್ನು ಗೋಣಿಚೀಲದ ಮೇಲೆ ಕೂರಿಸಿ, ಅಂಗೈಯನ್ನು ಸ್ಪೀಕರ್ ಮೇಲಿಟ್ಟೆ.

"ಎದೆಗೇ ಬಡೀತದಲ್ಲೇ. ದೊಡ್ಡ ಮಿಷನ್ ಪಕ್ಕ ನಿಂತ ಹಾಗಿದೆ," ಎಂದರು. ಖುಷಿಯಲ್ಲೇ ಇದ್ದರು. "ನನ್ನ ಕಾಫಿ ಎಲ್ಲಿ?"

"ಬರ್ತಾ ಇದೆಯಲ್ಲ ಅತ್ತೆ. ಇದೇ."

"ಎಲ್ಲಿ?"

ಸದ್ದು ಹೆಚ್ಚಿಸಿದೆ. ಗಲಗಲ ಕಣದಾಚೆಯ ಮರಗಳವರೆಗೂ ಹೋಗಿ ಬರುತ್ತಿತ್ತು.

"ಈಗ?"

"ಊಹ್ಞೂಂ."

ನಾನು ನಕ್ಕೆ. "ಏನತ್ತೆ, ಇಡೀ ತೋಟಕ್ಕೆ ಕೇಳ್ತಿದೆ, ನಿಮಗೊಬ್ಬರಿಗೇ ಕೇಳ್ತಿಲ್ವಾ?"

ತರಂಗಗಳ ಅಧ್ಯಾಯವನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಎಂಜಿನ್ನಿನ ಅಬ್ಬರದಲ್ಲಿ ದುಡಿದವರ ಕಿವಿಯಿಂದ ಮೊದಲು ಜಾರುವುದು ಸಣ್ಣ, ಎತ್ತರದ ಸದ್ದುಗಳು, ದಪ್ಪ ಸದ್ದು ಕೊನೆಯವರೆಗೂ ಉಳಿಯುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನು.

"ಇನ್ನೊಂದ್ಸಲ ಹಾಕಮ್ಮ," ಎಂದರು ಕಣದ ಅಂಚಿನಲ್ಲಿ ನಿಂತಿದ್ದ ರೈಟರು. ಅವರಿಗೆ ನನ್ನ ಸಂಗೀತ ಹಿಡಿಸಿತು ಅಂದುಕೊಂಡು ಮತ್ತೆ ಹಾಕಿದೆ. ಅವರು ಸ್ಪೀಕರ್ ಕಡೆ ನೋಡಲೇ ಇಲ್ಲ. ಅತ್ತೆಯ ಮುಖ ನೋಡುತ್ತಿದ್ದರು. ಆಮೇಲೆ ಬಾಗಿ, ಹಳೆಯ ರಾಶಿಯಿಂದ ಒಂದು ಹಿಡಿ, ಹಿಂದಿನ ದಿನ ಹರವಿದ್ದರಿಂದ ಒಂದು ಹಿಡಿ ತೆಗೆದುಕೊಂಡು ಅತ್ತೆಯ ಬೆನ್ನ ಹಿಂದೆ ನಿಂತರು.

"ಒಣಗಿದ್ದು ಯಾವುದು ಹೇಳಿ ನೋಡನ."

ಅತ್ತೆ ತಿರುಗಲು ಹೋದರು.

"ನೋಡ್ಬೇಡಿ. ಕೇಳಿ ಹೇಳಿ."

ಒಂದು ಕೈ ಅಲ್ಲಾಡಿತು, ಆಮೇಲೆ ಇನ್ನೊಂದು. ಮೊದಲನೆಯದು ಗಲಗಲ ಎಂದಿತು. ನಾನು ಎದುರಿಗೇ ಇದ್ದೆ. ಒಂದು ಬೆರಳು ಎತ್ತಿದ್ದರೆ ಸಾಕಿತ್ತು.

"ಎರಡನೇದು," ಎಂದರು ಅತ್ತೆ.

ಮುಂದಿನ ವಾರ ಪೇಟೆಯಿಂದ ತೇವ ಅಳೆಯುವ ಯಂತ್ರ ಬಂತು. ಅತ್ತೆಗೆ ಮೇಲಿನ ಇಳಿಜಾರಿನಲ್ಲಿ ಕಳೆ ತೆಗೆಯುವ ಕೆಲಸ ಕೊಟ್ಟರು. ರೈಟರು ಕೆಟ್ಟವರಲ್ಲ. ದಾರಿಯಲ್ಲಿ ಸಿಕ್ಕಾಗ ಅವರೇ ಹೇಳಿದರು: "ನಂಗೇನು ಅವರ ಮೇಲೆ ದ್ವೇಷವಾ ಮಾರಾಯ್ತಿ? ನಾಳೆ ಒಂದು ಮೂಟೆ ಬೂಷ್ಟು ಹಿಡಿದ್ರೆ ಸಾಹುಕಾರ್ರು ಯಾರನ್ನ ಕೇಳ್ತಾರೆ?"

ಅತ್ತೆಯ ಕಾಲದಲ್ಲಿ ಒಂದು ಮೂಟೆಗೂ ಬೂಷ್ಟು ಹಿಡಿದಿರಲಿಲ್ಲ. ಅದು ಹೇಗೆ ಎಂದು ಕೇಳಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ಕೇಳಿಕೊಂಡ ಮೇಲೂ, ನೆನಪನ್ನು ನಂಬದೆ, ಹಳೆಯ ಫೈಲುಗಳನ್ನು ತೆರೆದೆ.

ಮೊದಲು, ಮೈಕ್ ಹಿಡಿದು ಕೂತ ದಿನದ್ದು. ಟ್ರ್ಯಾಕ್ ಅಲ್ಲ, ಕತ್ತರಿಸುವ ಮುಂಚಿನ ರೆಕಾರ್ಡಿಂಗ್. ಗಲಗಲ, ಗಲಗಲ. ಆಮೇಲೆ ಅಂಗೈ ಉಜ್ಜಿದ ಸರಸರ. ಆಮೇಲೆ ಒಂದು ಸಣ್ಣ 'ಕಟಕ್'. ಅದಾದ ಮೇಲೇ "ಆಯ್ತು, ಕಟ್ಟಿ." ಮತ್ತೊಂದು ರಾಶಿ: ಅಲ್ಲಾಡಿಸುವುದು, ಉಜ್ಜುವುದು, 'ಕಟಕ್'. ಪ್ರತಿಸಲವೂ ಹಾಗೆಯೇ. ಅತ್ತೆ ಒಂದು ಕಾಯಿಯನ್ನು ಹಲ್ಲಿಗಿಟ್ಟು ಕಚ್ಚುತ್ತಿದ್ದರು. ಕಾಫಿ ಒಣಗಿದೆಯೋ ಇಲ್ಲವೋ ಎಂದು ಅವರಿಗೆ ಹೇಳುತ್ತಿದ್ದದ್ದು ಅಂಗೈ ಮತ್ತು ಹಲ್ಲು. ಕಿವಿಯ ಹತ್ತಿರ ಅಲ್ಲಾಡಿಸುವುದು ನಮಗಾಗಿ, ನೋಡುವವರಿಗಾಗಿ, ಬಿಡದೆ ಉಳಿಸಿಕೊಂಡಿದ್ದ ಪದ್ಧತಿ. ಆ 'ಕಟಕ್' ಅನ್ನು ಗಲೀಜು ಎಂದು ಒಂದೊಂದಾಗಿ ಹುಡುಕಿ ಅಳಿಸಿದ್ದೆ.

ಎರಡನೆಯ ಫೈಲು ಸ್ಪೀಕರ್ ಒಯ್ದ ದಿನದ್ದು. ಹಾಡು ಶುರುವಾಗುವ ಮೊದಲೇ ಒಂದು ಬೈಕ್ ಬಂದು ನಿಲ್ಲುತ್ತದೆ. ಚಪ್ಪಲಿಯ ಸದ್ದು ಕಣದ ಅಂಚಿನಲ್ಲೇ ಸಾಗಿ ಆಚೆ ಹೋಗುತ್ತಿರುತ್ತದೆ. ಆಗ ನನ್ನ ದನಿ, ನನ್ನದೇ, ಹುರುಪಿನಿಂದ: "ರೈಟ್ರೇ, ಹೋಗ್ಬೇಡಿ, ನೀವೂ ಕೇಳಿ. ನಮ್ಮ ಅತ್ತೇದು ಇದು."

ಟ್ರ್ಯಾಕನ್ನು ಇಂಟರ್ನೆಟ್ಟಿನಿಂದ ತೆಗೆದೆ. ಯಾಕೆಂದು ಯಾರೂ ಕೇಳಲಿಲ್ಲ.

ಹೋದ ಭಾನುವಾರ ಬಾಳೂರಿಗೆ ಹೋಗಿದ್ದೆ. ಅತ್ತೆ ಲೈನಿನ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿದ್ದರು. ಎದುರಿಗೆ, ನನ್ನ ತುಟಿ ಕಾಣುವ ಹಾಗೆ ಕೂತೆ. ಹಲ್ಲಿನ ವಿಷಯ ರೈಟರಿಗೆ ಹೇಳುತ್ತೇನೆ ಎಂದೆ. "ಬೇಡ," ಎಂದರು, "ಯಂತ್ರಕ್ಕೆ ಮಂಡಿ ನೋವಿಲ್ಲವಲ್ಲ." ತಾವೇ ನಕ್ಕರು. ಅವರು ನಕ್ಕದ್ದಕ್ಕೇ ನನಗೆ ಧೈರ್ಯ ಬಂದಿರಬೇಕು. ಎರಡು ವರ್ಷದಿಂದ ಕೇಳದೆ ಇಟ್ಟುಕೊಂಡಿದ್ದನ್ನು ನಿಧಾನವಾಗಿ, ಒಂದೊಂದೇ ಮಾತಾಗಿ ಕೇಳಿದೆ. ಮುಗಿಯುವವರೆಗೂ ಅವರ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು. ಆಮೇಲೆ ಎಣ್ಣೆಯ ಬಟ್ಟಲನ್ನು ಎತ್ತಿಕೊಂಡು, ಗೋಡೆ ಹಿಡಿದು ಎದ್ದು ಒಳಗೆ ಹೋದರು. ನಾನು ಕೇಳಿದ್ದು ಇಷ್ಟೇ:

"ಅತ್ತೆ, ಅವತ್ತು ನಾನು ಸದ್ದು ಜಾಸ್ತಿ ಮಾಡಿ 'ಈಗ?' ಅಂದಾಗ, ಕೇಳ್ತಿದೆ ಅಂತ ಒಂದು ಸುಳ್ಳು ಹೇಳಬಹುದಿತ್ತಲ್ಲ, ಯಾಕೆ ಹೇಳಲಿಲ್ಲ?"