ಬಾಗಿಲ ಮಗ್ಗದ ಬಡಿತಕ್ಕೆ ಏಳದವರು

ಓದುವ ಎಲ್ಲರಿಗೂ ನಮಸ್ಕಾರ. ನಾನು ಅಕ್ಷರ ಕಲಿತದ್ದು ತಡವಾಗಿ, ಮದುವೆಯಾದ ಮೇಲೆ, ರಾತ್ರಿ ಶಾಲೆಯಲ್ಲಿ. ಟೈಪು ಮಾಡಲು ಕಲಿತದ್ದು ಅದಕ್ಕಿಂತ ತಡವಾಗಿ. ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ. ಒತ್ತು, ದೀರ್ಘ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಕ್ಷರದ ತಪ್ಪಿಗೆ ಕ್ಷಮೆ ಕೇಳುತ್ತೇನೆ, ಸಿಟ್ಟಿಗೆ ಕೇಳುವುದಿಲ್ಲ.

ಸಿಟ್ಟು ಯಾಕೆಂದರೆ, ಮೊನ್ನೆ ಗಜೇಂದ್ರಗಡದ ಕಲ್ಯಾಣ ಮಂಟಪದಲ್ಲಿ ಸಣ್ಣ ಉದ್ದಿಮೆಯವರಿಗೆ ಅಂತ ಒಂದು ಭಾಷಣ ಇತ್ತು. ಕೆಲಸಗಾರರಲ್ಲಿ ಹುರುಪು ತುಂಬುವುದು ಹೇಗೆ ಎಂಬುದು ವಿಷಯ. ಕೋಟು ಹಾಕಿಕೊಂಡು ಬಂದವರು ಹೇಳಿದರು: ಎಲ್ಲರ ಹೆಸರು ಗೋಡೆಯ ಮೇಲೆ ಬರೆಯಿರಿ, ಮೊದಲು ಬಂದವನನ್ನು ಹೊಗಳಿ, ಕೊನೆಗೆ ಬಂದವನಿಗೆ ನಾಚಿಕೆಯಾಗಲಿ, ಆಗ ನೋಡಿ ಕೆಲಸ ಹೇಗೆ ಓಡುತ್ತದೆ. ಜನ ಚಪ್ಪಾಳೆ ತಟ್ಟಿದರು. ನಾನು ನಡುವೆಯೇ ಎದ್ದು ಹೊರಗೆ ಬಂದೆ. ಆ ಗೋಡೆಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಮ್ಮ ಗುಡ್ಡದ ಮೇಲೆ ಗಾಳಿಯಂತ್ರಗಳು ಏಳುತ್ತಿದ್ದ ಕಾಲ.

ಆಗ ನಾನು ಒಬ್ಬ ಸಾವಕಾರರ ಮಗ್ಗದ ಮನೆಯಲ್ಲಿ ಇದ್ದೆ. ಉದ್ದನೆಯ ತಗಡಿನ ಶೆಡ್ಡು, ಎರಡು ಸಾಲಿನಲ್ಲಿ ಕುಣಿಮಗ್ಗಗಳು. ನೇಯುವವರು ಕುಣಿಯಲ್ಲಿ ಕಾಲು ಇಳಿಬಿಟ್ಟು ನೆಲದ ಮಟ್ಟಕ್ಕೆ ಕೂರುತ್ತಿದ್ದರು. ನಾನೂ ಮೊದಲು ನೇಯುತ್ತಿದ್ದವನೇ. ಓದು ಬರಹ ಬಂದ ಮೇಲೆ ಸಾವಕಾರರು ನನ್ನನ್ನು ಮಗ್ಗದಿಂದ ಎಬ್ಬಿಸಿ, ಸೀರೆ ಅಳೆಯುವುದಕ್ಕೆ, ಮಡಚುವುದಕ್ಕೆ, ಗಂಟು ಕಟ್ಟಿ ಅಂಗಡಿಗಳಿಗೆ ಮುಟ್ಟಿಸುವುದಕ್ಕೆ ಹಾಕಿದ್ದರು.

ನಮ್ಮಲ್ಲಿ ಸೀರೆಯ ಮೈ ಬೇರೆ, ಸೆರಗು ಬೇರೆ. ಮೈಯ ಎಳೆಗಳು ಮುಗಿದಲ್ಲಿ ಸೆರಗಿನ ಕೆಂಪು ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಬೇಕು. ಇದು ಒಬ್ಬರ ಕೆಲಸವಲ್ಲ. ಒಬ್ಬರು ಎಳೆ ಬಿಗಿ ಹಿಡಿಯಬೇಕು, ಒಬ್ಬರು ಬಿಡಿಸಿ ಕೊಡಬೇಕು, ಒಬ್ಬರು ಕೂಡಿಸಬೇಕು. ಅದಕ್ಕೆ ನಮ್ಮ ಶೆಡ್ಡಿನಲ್ಲಿ ಒಂದು ರೂಢಿ ಇತ್ತು. ಮೈ ನೇಯ್ದು ಸೆರಗಿಗೆ ಬಂದವರು ಬಾಯಿಬಿಟ್ಟು ಯಾರನ್ನೂ ಕರೆಯುತ್ತಿರಲಿಲ್ಲ. ಅಡ್ಡ ನೂಲು ಹಾಯಿಸುವ ಲಾಳಿಯಿಂದ ಮಗ್ಗದ ಕಟ್ಟಿಗೆಗೆ ಟಕ್ ಟಕ್ ಅಂತ ಬಡಿಯುತ್ತಿದ್ದರು. ಎಡಬಲದ ಮಗ್ಗದವರು ತಮ್ಮ ಕೆಲಸ ಅಲ್ಲಿಗೇ ಬಿಟ್ಟು ಎದ್ದು ಬರುತ್ತಿದ್ದರು. ಜಗಳವಾಡಿ ಮಾತು ಬಿಟ್ಟವರೂ ಬರುತ್ತಿದ್ದರು, ಮುಖ ಆ ಕಡೆ ಮಾಡಿಕೊಂಡೇ ಎಳೆ ಹಿಡಿಯುತ್ತಿದ್ದರು. ಕೂಲಿ ಆಗಲೂ ಸೀರೆಯ ಮೇಲೆಯೇ ಇತ್ತು. ಆದರೂ ಬಡಿತ ಕೇಳಿಯೂ ಕೂತೇ ಇದ್ದವರನ್ನು ನಾನು ನೋಡಿರಲಿಲ್ಲ.

ಬಾಗಿಲ ಹತ್ತಿರದ ಮಗ್ಗ ಒಬ್ಬ ಹೆಣ್ಣುಮಗಳದು. ಗಂಡ ತೀರಿಕೊಂಡಿದ್ದ. ಅದೇ ಮಗ್ಗದಲ್ಲಿ ಮೊದಲು ಅವಳ ಅತ್ತೆ ನೇಯುತ್ತಿದ್ದಳು. ಈಗ ಆ ಅತ್ತೆ ಹಾಸಿಗೆ ಹಿಡಿದಿದ್ದಳು. ಮಧ್ಯಾಹ್ನ ಇವಳು ಮನೆಗೆ ಓಡಿ, ಮುದುಕಿಗೆ ಉಣ್ಣಿಸಿ, ಮಗ್ಗಲು ತಿರುಗಿಸಿ ಬರಬೇಕಿತ್ತು. ಹಾಗಾಗಿ ಅವಳ ಸೀರೆ ಯಾವಾಗಲೂ ಎಲ್ಲರಿಗಿಂತ ಹಿಂದೆ. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಅದನ್ನು ಮಾತಾಗಿ ಆಡಿರಲಿಲ್ಲ. ಅವಳ ಎಡಕ್ಕೆ ಒಬ್ಬ ವಯಸ್ಸಾದ ಸಾಬರು, ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಬಲಕ್ಕೆ ರಾಜೂರಿನಿಂದ ಸೈಕಲ್ ಮೇಲೆ ಬರುತ್ತಿದ್ದ ಒಬ್ಬ ಗಟ್ಟಿ ಆಳು. ಶೆಡ್ಡಿನಲ್ಲಿ ಎಲ್ಲರಿಗಿಂತ ಬಿರುಸಾಗಿ ನೇಯುವ ಕೈ ಅವನದು.

ಸಾವಕಾರರ ಅಳಿಯ ಹುಬ್ಬಳ್ಳಿಯಲ್ಲಿ ಯಾವುದೋ ತರಬೇತಿ ಮುಗಿಸಿಕೊಂಡು ಬಂದ. ಸಾವಕಾರರಿಗೆ ಗಂಡುಮಕ್ಕಳಿರಲಿಲ್ಲ, ಶೆಡ್ಡಿನ ಮೇಲುಸ್ತುವಾರಿ ಅವನಿಗೆ ಬಂತು. ಮೊದಲನೆಯ ದಿನವೇ ನೇಯುವವರನ್ನು ಕುಣಿಯಿಂದ ಎಬ್ಬಿಸಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ. ಚಪ್ಪಾಳೆ ಹೊಡೆಯುತ್ತ "ನನ್ನಿಂದ ಆಗುತ್ತದೆ" ಅಂತ ಕೂಗಬೇಕಂತೆ.

ಚಾಚಾ ಕೈಯನ್ನು ಲುಂಗಿಗೆ ಒರೆಸಿಕೊಂಡು ಕೇಳಿದರು. "ಸಾಹೇಬ್ರ, ಚಪ್ಪಾಳಿ ಹೊಡೀತೇವ್ರಿ. ಹಾಡಾವ್ರು ಯಾವಾಗ ಬರ್ತಾರ?"

ಎಲ್ಲರೂ ನಕ್ಕರು. ಅಳಿಯ ನಗಲಿಲ್ಲ. ಆ ನಗೆಯನ್ನು ಅವನು ಮರೆಯಲೂ ಇಲ್ಲ ಎಂದು ನನಗೆ ಆಮೇಲೆ ತಿಳಿಯಿತು.

ಮರುವಾರ ಗೋಡೆಗೆ ಕರಿ ಹಲಗೆ ಬಂತು. ಯಾರು ಎಷ್ಟು ನೇಯ್ದರು ಎಂದು ದಿನಾ ಸಂಜೆ ಬರೆಯುವ ಕೆಲಸ ನನಗೆ ಹತ್ತಿತು. ಮೇಲೆ ಬಂದವನ ಹೆಸರಿನ ಮುಂದೆ ಬಣ್ಣದ ಸೀಮೆಸುಣ್ಣದಿಂದ ಚುಕ್ಕಿ. ಕೆಳಗೆ ಬಂದವರು ಮರುದಿನ ಬೆಳಿಗ್ಗೆ ಶೆಡ್ಡಿನ ಕಸ ಹೊಡೆಯಬೇಕು. ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದರೇನೋ. ಬರುವ ಅಮವಾಸ್ಯೆಗೆ ಯಾರು ಕೆಳಗಿರುತ್ತಾರೋ ಅವರ ಮಗ್ಗವನ್ನು ಬೇರೆಯವರಿಗೆ ಕೊಡುವುದಾಗಿ ಅಳಿಯ ಸಾರಿದ. ಪುರ್ತಗೇರಿಯ ಒಬ್ಬನನ್ನು ಆಗಲೇ ನೋಡಿಟ್ಟಿದ್ದ. ಹೇಳುವಾಗ ಅವನು ನೋಡಿದ್ದು ಬಾಗಿಲ ಕಡೆಗೆ.

ಅವಳು ಅತ್ತೆಗೆ ಉಣ್ಣಿಸಿ ಬರುವ ವಿಷಯವನ್ನು ನಾನು ಅವನಿಗೆ ಹೇಳಿದೆ. ಮನೆಯ ತಾಪತ್ರಯವನ್ನು ಮನೆಯಲ್ಲೇ ಇಟ್ಟು ಬರಬೇಕೆಂದು ತನಗೆ ಕಲಿಸಿದ್ದಾರೆ ಎಂದ. ಯಾರು ಕಲಿಸಿದರೋ. ಅವರ ಮನೆಯಲ್ಲಿ ಹಾಸಿಗೆ ಹಿಡಿದವರು ಯಾರೂ ಇರಲಿಕ್ಕಿಲ್ಲ.

ಮೊದಲ ವಾರ ಕೆಲಸ ಓಡಿದ್ದು ಖರೆ. ಸಾವಕಾರರು ಅಳಿಯನ ಬೆನ್ನು ಚಪ್ಪರಿಸಿದರು. ಆದರೆ ಶೆಡ್ಡಿನ ಸದ್ದು ಬದಲಾಯಿತು. ಮಾತು, ಕೀಟಲೆ, ಸುಪಾರಿ ಕೇಳುವುದು, ಎಲ್ಲ ನಿಂತು ಬರೀ ಲಾಳಿಯ ಸದ್ದು ಉಳಿಯಿತು. ಸಂಜೆ ನಾನು ಅಳೆಯಲು ಹೋದರೆ ನನ್ನ ಕೈ ಕಡೆಗೇ ಕಣ್ಣು. ಬಟ್ಟೆ ಜಗ್ಗಿ ಅಳೆದೆ, ಸಡಿಲ ಬಿಟ್ಟು ಅಳೆದೆ ಎಂದು ಒಬ್ಬೊಬ್ಬರೂ ಜಗಳ ತೆಗೆದರು. ಎಷ್ಟೋ ವರ್ಷ ನನ್ನ ಪಕ್ಕದಲ್ಲಿ ಕೂತು ನೇಯ್ದವನೇ ನನಗೆ ಹೇಳಿದ: "ನಾಕ ಅಕ್ಷರ ಕಲ್ತಿ ಅಂತ ನಮ್ಮ ಹಣೇಬರ ಬರಿಯಾಕ ಕುಂತಿ ಏನಲೇ?" ನಾನು ಅಳತೆ ಪಟ್ಟಿ ಸುತ್ತಿಕೊಂಡು ಮುಂದಿನ ಮಗ್ಗಕ್ಕೆ ಹೋದೆ.

ಎರಡನೆಯ ವಾರದ ಒಂದು ಮಧ್ಯಾಹ್ನ ಬಾಗಿಲ ಮಗ್ಗದಲ್ಲಿ ಸೆರಗು ಬಂತು. ಅವಳು ಲಾಳಿಯಿಂದ ಕಟ್ಟಿಗೆಗೆ ಬಡಿದಳು. ಟಕ್ ಟಕ್.

ಯಾರೂ ಏಳಲಿಲ್ಲ.

ಕೇಳಲಿಲ್ಲವೇನೋ ಅಂತ ಮತ್ತೆ ಬಡಿದಳು. ರಾಜೂರಿನವನ ಲಾಳಿ ಇನ್ನೂ ಜೋರಾಗಿ ಓಡಿತು. ಚಾಚಾ ತಲೆ ಬಗ್ಗಿಸಿ ಹರಿದ ಎಳೆ ಹುಡುಕುವವರಂತೆ ಕೂತರು. ಅವಳು ಅವರ ಕಡೆ ತಿರುಗಿ, "ಚಾಚಾ, ಸೆರಗ ಬಂತ್ರಿ," ಅಂದಳು. ಆ ಶೆಡ್ಡಿನಲ್ಲಿ ಬಾಯಿಬಿಟ್ಟು ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚಾಚಾ ಏಳದೆ ಹೇಳಿದರು: "ತಡೀ ಬೇಟಿ. ಹಲಗ್ಯಾಗ ನಂದೂ ಹೆಸರ ಕೆಳಗ ಬರಾಕತ್ತೈತಿ."

ನಾನು ಹೋಗಿ ಎಳೆ ಹಿಡಿದೆ. ಅಳಿಯ ಬಂದು, ಲೆಕ್ಕ ಬರೆಯುವವನು ಒಬ್ಬರಿಗೆ ಸಹಾಯ ಮಾಡಿದರೆ ಪೈಪೋಟಿ ಕೆಡುತ್ತದೆ ಎಂದು ನನ್ನನ್ನು ಎಬ್ಬಿಸಿದ. ಅವಳು ಒಬ್ಬಳೇ ಕೂಡಿಸಿದಳು. ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು.

ಆಮೇಲೆ ಎಲ್ಲರದ್ದೂ ಅದೇ ಗತಿ. ಬಾಗಿಲ ಮಗ್ಗದ ಕಡೆಗೆ ಏಳದವರು ಬೇರೆಯವರ ಕಡೆಗೆ ಹೇಗೆ ಎದ್ದಾರು. ಅವನು ಬರಲಿಲ್ಲ ಅಂತ ಇವನು, ಇವನು ಬರಲಿಲ್ಲ ಅಂತ ಅವನು. ಎಲ್ಲರೂ ಹಲ್ಲಿನಲ್ಲಿ ಎಳೆ ಕಚ್ಚಿಕೊಂಡು ಒಬ್ಬೊಬ್ಬರೇ ಸೆರಗು ಕೂಡಿಸತೊಡಗಿದರು. ಅಳಿಯನಿಗೆ ಖುಷಿ. ಮೂರು ಜನ ಮಾಡುತ್ತಿದ್ದ ಕೆಲಸವನ್ನು ಒಬ್ಬ ಮಾಡುತ್ತಿದ್ದಾನೆ ಎಂದು ಮಾವನಿಗೆ ತೋರಿಸಿದ.

ಅಮವಾಸ್ಯೆಗೆ ಇನ್ನು ಎರಡು ದಿನ ಇದ್ದಾಗ ಲಗ್ನದ ಸೀರೆಗಳ ಗಂಟು ಕಟ್ಟಿಕೊಂಡು ನಾನು ನರಗುಂದಕ್ಕೆ ಹೊರಟೆ. ರೋಣದಲ್ಲಿ ಬಸ್ಸು ಬದಲಿಸಬೇಕು. ಸ್ಟ್ಯಾಂಡಿನಲ್ಲಿ ಗಂಟಿನ ಮೇಲೆಯೇ ಕೂತು ಚಹಾ ಕುಡಿದೆ. ಗಂಟಿನೊಳಗೆ ಏನಿದೆ ಎಂದು ನನಗೆ ಗೊತ್ತಿತ್ತು, ಮಡಚಿದ್ದು ನಾನೇ. ಸೆರಗಿನ ಕೂಡಿಕೆ ಸಡಿಲ ಇದೆ ಎಂದು ಹೇಳಿದ್ದಕ್ಕೆ ಅಳಿಯ, ತೆಗೆದುಕೊಂಡು ಹೋಗುವುದಷ್ಟೇ ನಿನ್ನ ಕೆಲಸ ಎಂದಿದ್ದ.

ನರಗುಂದದ ವ್ಯಾಪಾರಿ ನಮ್ಮ ಹಳೆಯ ಗಿರಾಕಿ, ಮಾತು ಕಡಿಮೆ. ಗಾದಿಯ ಮೇಲೆ ಒಂದು ಸೀರೆ ಬಿಚ್ಚಿ, ಸೆರಗು ಕೂಡಿದ ಜಾಗವನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದರು. ಕೊಂಡಿಗಳು ಸಾಲಾಗಿ ಸರಿದವು. ಎರಡನೆಯದೂ ಹಾಗೆಯೇ. ಮೂರನೆಯದನ್ನು ಜಗ್ಗಲಿಲ್ಲ, ಬೆಳಕಿಗೆ ಹಿಡಿದು ನೋಡಿ ಗಂಟಿಗೆ ಹಾಕಿದರು.

"ಇದನ್ನ ಉಟ್ಕೊಂಡು ಲಗ್ನದ ಅಕ್ಕಿಕಾಳಿಗೆ ನಿಂದರ್‍ತಾಳೇನೋ ಮದುಮಗಳು?" ಅಂದರು. "ಮೂರ ಮಂದಿ ಕೈ ಇಲ್ಲ ಇದರಾಗ. ನಿಮ್ಮ ಸಾವಕಾರಗ ಹೇಳು, ಮೂರ ಮಂದಿ ಸಿಕ್ಕರ ಸೀರಿ ಕಳಸು, ಇಲ್ಲಂದ್ರ ಬ್ಯಾಡ."

ಗಂಟು ಹಾಗೆಯೇ ತಿರುಗಿ ಬಂತು. ಬರುವಾಗ ಹೋಗುವಾಗಿನದಕ್ಕಿಂತ ಭಾರವಾಗಿತ್ತು ಎಂದು ಬರೆಯಬಹುದು, ಆದರೆ ಅಷ್ಟೇ ಭಾರವಿತ್ತು. ನನಗೆ ಕೈ ನೋಯುತ್ತಿತ್ತು.

ಮರುದಿನ ಸಾವಕಾರರು ಶೆಡ್ಡಿಗೆ ಬಂದರು. ವ್ಯಾಪಾರಿ ಅಂದದ್ದನ್ನು ನಾನು ಎಲ್ಲರೆದುರು ಒಂದಕ್ಷರ ಬಿಡದೆ ಹೇಳಿದೆ. ಅಳಿಯ ಅದಕ್ಕೆ ತಯಾರಾಗಿದ್ದ. ಕೆಲಸ ಬಾರದವರನ್ನು ಇಟ್ಟುಕೊಂಡರೆ ಹೀಗೆಯೇ ಆಗುತ್ತದೆ, ಹಲಗೆ ನೋಡಿ, ಕೆಳಗೆ ಯಾರಿದ್ದಾರೆ ನೋಡಿ ಎಂದ. ನಾಳೆ ಅಮವಾಸ್ಯೆ, ಇವತ್ತೇ ಏಳಲಿ ಎಂದ. ತಿರುಗಿ ಬಂದ ಸೀರೆಗಳಲ್ಲಿ ಅವಳದು ಒಂದೇ ಇತ್ತು. ಅದನ್ನೂ ನಾನು ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ.

ಅವಳು ಅಳಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಕುಣಿಯಿಂದ ಎದ್ದು ಉಟ್ಟ ಸೀರೆಯ ಸೆರಗು ಕೊಡವಿ, ಅಳಿಯನನ್ನು ಬಿಟ್ಟು ಸಾವಕಾರರಿಗೇ ಹೇಳಿದಳು.

"ಎದ್ದೇನ್ರಿ ಸಾವಕಾರ್ರ. ನಮ್ಮತ್ತಿ ಕುಂತ ಮಗ್ಗ, ನೀವ ಕೊಟ್ಟಿದ್ರಿ, ನೀವ ತಗೋರ್‍ರಿ. ಮ್ಯಾಲ ಸೀರಿ ಐತಿ, ಮೈ ಮುಗದು ಸೆರಗ ಬಂದೈತಿ. ಪುರ್ತಗೇರಿಯಾಂವ ಬಂದು ಬಡದ್ರ ಇವರಾಗ ಯಾರ ಏಳ್ತಾರ, ಅದೊಂದ ಕೇಳ್ರಿ."

ಸಾವಕಾರರು ಕುಣಿಯ ಅಂಚಿಗೆ ಬಂದರು. ಆಮೇಲೆ ಅವಳ ಲಾಳಿಯನ್ನು ಎತ್ತಿ ಅಳಿಯನ ಕೈಗೆ ಕೊಟ್ಟು, "ಬಡೀರಿ," ಅಂದರು.

ಅಳಿಯನಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದ ಮೇಲೆ ಬಗ್ಗಿ ಕಟ್ಟಿಗೆಗೆ ಬಡಿದ. ಶೆಡ್ಡಿನ ಎಲ್ಲ ಮಗ್ಗಗಳೂ ನಿಂತಿದ್ದವು, ಬಡಿತ ಕೊನೆಯ ಗೋಡೆಯವರೆಗೆ ಕೇಳಿತು. ಒಬ್ಬರೂ ಅಲುಗಾಡಲಿಲ್ಲ. ಮತ್ತೆ ಬಡಿದ. ಕುಣಿಗಳಲ್ಲಿ ಕೂತವರು ಅವನ ಮುಖವನ್ನೇ ನೋಡುತ್ತಿದ್ದರು. ಅಷ್ಟು ದ್ವೇಷ ಒಂದೇ ತಗಡಿನ ಕೆಳಗೆ ಕೂಡಿದ್ದನ್ನು ನಾನು ಮತ್ತೆ ನೋಡಿಲ್ಲ.

ಕೊನೆಗೆ ಚಾಚಾ ಕೂತಲ್ಲಿಂದಲೇ ಹೇಳಿದರು: "ಏಳಬಹುದ್ರಿ ಸಾವಕಾರ್ರ. ಎದ್ದಾಂವನ ಹೆಸರಿನ ಮುಂದ ಏನ ಬರೀತೀರಿ? ಆ ಹಲಗ್ಯಾಗ ಅದಕ್ಕ ಜಾಗಾನ ಇಲ್ರಿ."

ಸಾವಕಾರರು ನನ್ನ ಕಡೆ ನೋಡಿದರು. ನಾನು ಒದ್ದೆ ಅರಿವೆ ತಂದು ಹಲಗೆ ಒರೆಸಿದೆ. ಅಳಿಯ ಲಾಳಿಯನ್ನು ನೆಲಕ್ಕೆ ಎಸೆದು ಹೊರಗೆ ಹೋದ. ಅವಳು ಅದನ್ನು ಎತ್ತಿಕೊಂಡು ತುದಿ ಮುರಿದಿದೆಯೇ ನೋಡಿ, ಕುಣಿಗೆ ಇಳಿದು ಬಡಿದಳು. ಚಾಚಾ ಎದ್ದು ಬಂದರು. ರಾಜೂರಿನವನು ಏಳಲಿಲ್ಲ, ಮೂರನೆಯ ಕೈ ನನ್ನದು. ಸೆರಗು ಕೂಡಿಸಿ ಮುಗಿಯುವವರೆಗೆ ಅವಳು ಚಾಚಾರ ಜೊತೆ ಒಂದು ಮಾತೂ ಆಡಲಿಲ್ಲ. ಆಮೇಲೆಯೂ ಬಹಳ ದಿನ ಆಡಲಿಲ್ಲ. ಅವಳ ಮಗ್ಗ ಉಳಿಯಿತು.

ಇಲ್ಲಿಗೆ ಮುಗಿಸಿದ್ದರೆ ಓದುವವರಿಗೆ ಸಮಾಧಾನವಾಗುತ್ತಿತ್ತು. ಆದರೆ ಹಲಗೆ ಒರೆಸಿದಷ್ಟು ಸುಲಭಕ್ಕೆ ಉಳಿದದ್ದು ಹೋಗಲಿಲ್ಲ. ರಾಜೂರಿನವನ ಹೆಸರಿನ ಮುಂದೆ ದಿನಾ ಚುಕ್ಕಿ ಇತ್ತಲ್ಲ, ಅದನ್ನು ಯಾರೂ ಮರೆಯಲಿಲ್ಲ. ಅಮವಾಸ್ಯೆ ಕಳೆದ ಮೇಲೆ ಅವನ ಸೆರಗು ಬಂತು, ಬಡಿದ. ಅವನ ಪಕ್ಕದವರು ಅವಳು ಮತ್ತು ಇನ್ನೊಬ್ಬ. ಇಬ್ಬರೂ ಏಳಲಿಲ್ಲ. ನಾನು ಅವಳಿಗೆ, "ಯಕ್ಕಾ, ಅಂವ ಬಡ್ಯಾಕತ್ತಾನ," ಅಂದೆ. "ಕೇಳಸ್ತೈತಿ," ಅಂದಳು, ಅಷ್ಟೇ. ನಾನೊಬ್ಬನೇ ಹೋದೆ. ಮೂರನೆಯ ಕೈ ಕೊನೆಗೂ ಬರಲಿಲ್ಲ. ಅವನು ಕೆಟ್ಟವನಲ್ಲ, ಬಿರುಸಾಗಿ ನೇಯಿ ಅಂದರು, ನೇಯ್ದ. ಕೆಲವು ವಾರ ಹಾಗೆಯೇ ಕಳೆದು, ಒಂದು ಸಂಜೆ ತನ್ನ ಲಾಳಿಗಳನ್ನು ಚೀಲಕ್ಕೆ ಹಾಕಿಕೊಂಡು ಸೈಕಲ್ ಹತ್ತಿದವನು ತಿರುಗಿ ಬರಲಿಲ್ಲ. ನಮ್ಮ ಶೆಡ್ಡಿನ ಅತ್ಯಂತ ಒಳ್ಳೆಯ ಕೈ ಹೋದದ್ದು ಹೀಗೆ. ಅಳಿಯ ಈಗ ಹುಬ್ಬಳ್ಳಿಯಲ್ಲಿ ಬೇರೆ ವ್ಯಾಪಾರದಲ್ಲಿದ್ದಾನಂತೆ, ಚಲೋ ಇದ್ದಾನಂತೆ.

ಕಲ್ಯಾಣ ಮಂಟಪದಲ್ಲಿ ಚಪ್ಪಾಳೆ ತಟ್ಟಿದವರಿಗೆ ನಾನು ಕೇಳುವುದು ಇಷ್ಟೇ: ಹಲಗೆ ಹಾಕುವ ಮೊದಲು, ನಿಮ್ಮ ಕೆಲಸಗಾರರಲ್ಲಿ ಯಾರ ಬಡಿತಕ್ಕೆ ಯಾರು ಏಳುತ್ತಾರೆ ಎಂದು ಒಂದು ದಿನ ಸುಮ್ಮನೆ ನಿಂತು ನೋಡಿದ್ದೀರಾ? ನಿಮ್ಮ ಅಂಗಡಿಯಲ್ಲಿ, ಗಿರಣಿಯಲ್ಲಿ, ಆಫೀಸಿನಲ್ಲಿ ಇಂಥ ಹಲಗೆ ಬಂದಿದ್ದರೆ, ಅದರಿಂದ ನಿಮ್ಮ ಪಕ್ಕದವರು ಏಳುವುದನ್ನು ಬಿಟ್ಟಿದ್ದರೆ, ಅಥವಾ ನೀವೇ ಬಿಟ್ಟಿದ್ದರೆ, ನನಗೆ ಬರೆದು ತಿಳಿಸಿ. ತಪ್ಪಿಲ್ಲದೆ ಬರೆಯಬೇಕೆಂದೇನೂ ಇಲ್ಲ. ಓದುವುದೂ ನನಗೆ ನಿಧಾನವೇ, ಆದರೆ ಪೂರ್ತಿ ಓದುತ್ತೇನೆ.