ದಾದರಿನಿಂದ ಗಾಜಿನ ಕಟ್ಟೆಗೆ

ಏಳು ಗಂಟೆಗೆ ಮೊದಲೇ ದಾದರ್ ಸ್ಟೇಷನ್ನಿಗೆ ಬಂದೆ. ಮನೆ ಪಶ್ಚಿಮದಲ್ಲಿ, ಪುಣೆಯ ಗಾಡಿ ಪೂರ್ವದಲ್ಲಿ. ನಡುವೆ ಹಳಿಗಳ ಮೇಲಿನ ಬ್ರಿಜ್ ತಪ್ಪಿಸಲು ಟ್ಯಾಕ್ಸಿಯಲ್ಲಿ ಸುತ್ತಿ ಬಂದಿದ್ದೆ. ಎರಡು ವರ್ಷಗಳ ಹಿಂದೆ ಅದರ ಮೆಟ್ಟಿಲಲ್ಲಿ ಜಾರಿ ಬಿದ್ದಾಗಿನಿಂದ, ಎತ್ತರದಿಂದ ಕೆಳಗೆ ನೋಡಿದರೆ ನನ್ನ ಕಾಲು ಏಳುವುದಿಲ್ಲ. ಮೂವತ್ತೊಂದು ವರ್ಷ ಫೋರ್ಟಿನ ಆಫೀಸಿಗೆ ಇದೇ ಬ್ರಿಜ್ ದಾಟಿ ಓಡಿದವಳು ನಾನು!

ಲೋಣಾವಳಾದ ಆಚೆ ಕಣಿವೆಯ ಮೇಲೆ ಗಾಜಿನ ನೆಲದ ಕಟ್ಟೆ ಇದೆಯೆಂದು ಕೇಳಿದ ದಿನವೇ ತೀರ್ಮಾನಿಸಿದೆ. ಅಲ್ಲಿ ನಿಂತರೆ ಈ ಬ್ರಿಜ್ ಏನು ಮಹಾ? ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದಂತೆ ಮಾರ್ಜಿನ್ ಎಳೆದು, ಒಂದು ವಾರ ಪ್ಲ್ಯಾನ್ ಬರೆದೆ: ಟ್ರೈನ್, ರಿಕ್ಷಾ, ಬಾತ್‌ರೂಮ್, ಬಿಪಿ ಮಾತ್ರೆ. ಕೊನೆಯ ಸಾಲು: ‘ಕೆಳಗೆ ನೋಡುವುದು.’

ಜೊತೆಗೆ ಕುರ್ಲಾದ ಶಾಂತಾ, ಧಾರವಾಡದ ಹೆಣ್ಣು, ನನ್ನ ಲೇಡೀಸ್ ಡಬ್ಬಿಯ ಗೆಳತಿ. ಸಂಜೆಯ ಲೋಕಲ್ಲಿನಲ್ಲಿ ದಾದರ್ ಬಂದಾಗ ಬೆನ್ನಿಗೆ ಕೈಕೊಟ್ಟು ನನ್ನನ್ನು ಇಳಿಸುತ್ತಿದ್ದವಳು ಅವಳೇ. ದಾದರಿನಲ್ಲಿ ಯಾರೂ ತಾವಾಗಿ ಇಳಿಯುವುದಿಲ್ಲ, ಹಿಂದಿನವರು ಇಳಿಸುತ್ತಾರೆ.

“ಈ ವಯಸ್ಸಿನ್ಯಾಗ ಗಾಜಿನ ಮ್ಯಾಲೆ ನಿಂದ್ರೋ ಹುಚ್ಚು ಯಾಕಲೇ ಮಾಲಿನಿ?” ಎಂದಳು.

“ನೋ ಡಿಸ್ಕಷನ್,” ಎಂದೆ.

ಕರ್ಜತ್‌ನಲ್ಲಿ ಬಿಸಿ ಬಟಾಟೆ ವಡಾ ತಿಂದೆವು. ಘಾಟಿ ಹತ್ತಲು ಗಾಡಿಯ ಹಿಂದೆ ನೂಕುವ ಇಂಜಿನ್ ಜೋಡಿಸುತ್ತಿದ್ದರು. “ನೋಡು, ಗಾಡಿಗೂ ನೂಕೋರು ಬೇಕು,” ಎಂದು ಶಾಂತಾ ನಕ್ಕಳು.

ಲೋಣಾವಳಾದಿಂದ ರಿಕ್ಷಾದಲ್ಲಿ ಮುಕ್ಕಾಲು ಗಂಟೆ. ಮಳೆಗಾಲ ಮುಗಿದಿದ್ದರೂ ತೇವದ ಗಾಳಿ. ಕಟ್ಟೆ ತಲುಪಿದಾಗ ಗಾಜಿನ ಕೆಳಗೆ ಬರೀ ಬಿಳಿ ಮಂಜು.

“ಛಲೋ ಆತು! ಏನೂ ಕಾಣಂಗಿಲ್ಲ. ಪಟ್ಟನ ಹೋಗಿ ಬಂದುಬಿಡು.”

“ದಟ್ಸ್ ಚೀಟಿಂಗ್, ಶಾಂತಾ. ಕಾಯೂಣು.”

ಕಲ್ಲಿನ ಬೆಂಚಿನಲ್ಲಿ ಕುಳಿತು ಚಪಾತಿ, ಶೇಂಗಾ ಚಟ್ನಿ ತಿಂದೆವು. ನಲವತ್ತು ನಿಮಿಷದ ನಂತರ ಮಂಜು ಚದುರಿತು. ಗಾಜಿಗೆ ಗೀರು ಬೀಳದಂತೆ ಚಪ್ಪಲಿಯ ಮೇಲೆ ಬಟ್ಟೆಯ ಚೀಲ ಹಾಕಿಕೊಂಡು ಸಾಲಿನಲ್ಲಿ ನಿಂತೆ. ಗಾಜಿನ ಅಂಚಿಗೆ ಬಂದೆ. ಕೆಳಗೆ ಕಪ್ಪು ಬಂಡೆ, ಅದರ ಕೆಳಗೆ ಕಾಡು, ಅದರಲ್ಲಿ ದಾರದ ಎಳೆಯಂತೆ ನೀರು. ಕಾಲು ಏಳಲಿಲ್ಲ.

ಕಾವಲಿನ ಹೆಂಗಸು ಮರಾಠಿಯಲ್ಲಿ, “ಆಜೀ, ಭೀತಿ ವಾಟತೆ ಕಾ? ಪರತ್ ಯಾ,” ಎಂದಳು. ಹೆದರಿಕೆಯಾದರೆ ಹಿಂದೆ ಬರಬಹುದಂತೆ! ಮರಳಿ ಹೋಗಬೇಕೆಂದು ನಾನು ತಿರುಗಿದೆ. ಹಿಂದೆ ಶಾಂತಾ ಪರ್ಸನ್ನು ಎದೆಗೆ ಅವಚಿಕೊಂಡು, ಹಳೆಯ ಲೋಕಲ್ಲಿನ ನಿಲುವಿನಲ್ಲಿ ದಾರಿ ಕಟ್ಟಿದ್ದಳು.

“ಎಲ್ಲಿಗಿ? ದಾದರ್ ಬಂತು. ಇಳಿ ಲೇ!”

ನನ್ನನ್ನು ಮತ್ತೆ ಗಾಜಿನತ್ತ ತಿರುಗಿಸಿದಳು. ಬೆನ್ನಿಗೆ ಅದೇ ಕೈ. ನನ್ನ ಕಾಲಿಗೆ ಅಷ್ಟು ಸಾಕಾಯಿತು. ಗಾಜಿನ ನಡುವೆ ಹೋಗಿ, ಕಂಬಿ ಹಿಡಿದು, ಆ ನೀರಿನ ಎಳೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದೆ. ಪಕ್ಕದಲ್ಲಿ ಶಾಂತಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. “ನಾ ನೋಡ್ತೇನಂತ ಎಲ್ಲಿ ಹೇಳೇನಿ?” ಎಂದಳು.

ಮರಳುವಾಗ ಕುರ್ಲಾದ ಲೋಕಲ್ ಹಿಡಿಯಲು ಅವಳು ಕಲ್ಯಾಣದಲ್ಲೇ ಇಳಿದಳು. ಸಂಜೆ ಆರಕ್ಕೆ ದಾದರಿನಲ್ಲಿ ನಾನೊಬ್ಬಳೇ. ಹೊರಗೆ ಟ್ಯಾಕ್ಸಿಗಳು ಕಾದಿದ್ದವು. ಅತ್ತ ತಿರುಗಲಿಲ್ಲ. ಈಗ ಬೆನ್ನಿಗೆ ಕೈಯಿಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರಿದೆ; ಎರಡು ಸಲ ನಿಂತೆ.

ಬ್ರಿಜ್‌ನ ನಡುವೆ ಬದಿಗೆ ಸರಿದು ಕೆಳಗೆ ನೋಡಿದೆ. ಲೋಕಲ್ ಬಂದು ನಿಂತಿತು. ಲೇಡೀಸ್ ಡಬ್ಬಿಯ ಬಾಗಿಲಿನಿಂದ ಹೆಂಗಸರು ಒಬ್ಬರನ್ನೊಬ್ಬರು ನೂಕುತ್ತ ಪ್ಲಾಟ್‌ಫಾರ್ಮಿಗೆ ಸುರಿದರು.

“ಆಜೀ, ಚಲಾ ನಾ!” ಎಂದು ಹಿಂದಿನಿಂದ ಯಾರೋ ಅವಸರಪಡಿಸಿದರು.

“ಏಕ್ ಮಿನಿಟ್,” ಎಂದೆ. ಆ ಲೋಕಲ್ ಹೊರಟುಹೋಗುವವರೆಗೂ ಅಲ್ಲೇ ನಿಂತು ನೋಡಿದೆ.